ಕಾಣಿಕೆಯೋ, ಲಂಚವೋ? ಅಮೆರಿಕದ ರಾಜಕಾರಣದಲ್ಲಿ ಹಣ ಮತ್ತು ಕಾನೂನು



1785ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸ್ ನಗರದಿಂದ ಸ್ವದೇಶಕ್ಕೆ ಹೊರಟು ನಿಂತಾಗ ಅವರಿಗೆ ಎಪ್ಪತ್ತೊಂಬತ್ತು ವರ್ಷ. ಹೊಸದಾಗಿ ಸ್ವತಂತ್ರವಾಗಿದ್ದ ಅಮೆರಿಕದ ಪ್ರತಿನಿಧಿಯಾಗಿ ಅವರು ಫ್ರಾನ್ಸಿನಲ್ಲಿ ಎಂಟು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದರು. ಬೀಳ್ಕೊಡುವಾಗ ಹದಿನಾರನೆಯ ಲೂಯಿ ದೊರೆ ತನ್ನ ಭಾವಚಿತ್ರವಿದ್ದ ನಶ್ಯದ ಡಬ್ಬಿಯೊಂದನ್ನು ಅವರಿಗೆ ಕೊಟ್ಟನು. ಚಿತ್ರದ ಸುತ್ತ 408 ವಜ್ರಗಳನ್ನು ಕೂಡಿಸಲಾಗಿತ್ತು. ರಾಯಭಾರಿಗಳಿಗೆ ಇಂತಹ ಉಡುಗೊರೆ ಕೊಡುವುದು ಯುರೋಪಿನ ಅರಮನೆಗಳ ವಾಡಿಕೆ. ಬೇಡವೆಂದರೆ ದೊರೆಗೆ ಅವಮಾನ. ಆದರೆ ಅಮೆರಿಕದ ಅಂದಿನ ಒಕ್ಕೂಟದ ಒಪ್ಪಂದದಲ್ಲಿ, ಅಧಿಕಾರದಲ್ಲಿರುವ ಯಾರೂ ಪರದೇಶದ ದೊರೆಯಿಂದ ಉಡುಗೊರೆ ಸ್ವೀಕರಿಸಕೂಡದು ಎಂಬ ನಿಯಮವಿತ್ತು. ಫ್ರಾಂಕ್ಲಿನ್ ವಿಷಯವನ್ನು ಕಾಂಗ್ರೆಸ್ಸಿನ ಮುಂದಿಟ್ಟರು. (ಆ ದೇಶದಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಶಾಸನಸಭೆ.) ಇಟ್ಟುಕೊಳ್ಳಲು ಅನುಮತಿ ದೊರೆಯಿತು. 1790ರಲ್ಲಿ ತೀರಿಕೊಂಡ ಫ್ರಾಂಕ್ಲಿನ್, ಆ ವಜ್ರಗಳನ್ನು ಕಿತ್ತು ತನಗಾಗಲೀ ತನ್ನ ಹೆಣ್ಣುಮಕ್ಕಳಿಗಾಗಲೀ ಒಡವೆ ಮಾಡಿಸಬಾರದೆಂಬ ಕೋರಿಕೆಯೊಡನೆ ಅದನ್ನು ಮಗಳು ಸಾರಾಳಿಗೆ ಉಯಿಲಿನಲ್ಲಿ ಬಿಟ್ಟುಹೋದರು.

1787ರಲ್ಲಿ ಸಂವಿಧಾನವನ್ನು ರಚಿಸುವಾಗ ಆ ನಿಯಮ ಅದರೊಳಗೂ ಸೇರಿತು: ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಪರದೇಶದ ದೊರೆಯಿಂದ ಉಡುಗೊರೆ, ಸಂಭಾವನೆ, ಹುದ್ದೆ, ಬಿರುದು ಯಾವುದನ್ನೂ ಪಡೆಯುವಂತಿಲ್ಲ. ಮರುವರ್ಷ ವರ್ಜೀನಿಯಾದ ಸಭೆಯಲ್ಲಿ ಸಂವಿಧಾನದ ಮೇಲೆ ಚರ್ಚೆಯಾದಾಗ ಎಡ್ಮಂಡ್ ರ‍್ಯಾಂಡಾಲ್ಫ್ ಈ ನಿಯಮದ ಹಿಂದೆ ಒಂದು ಡಬ್ಬಿಯ ಪ್ರಸಂಗವಿದೆಯೆಂದು ನೆನಪಿಸಿದರು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಫ್ರಾಂಕ್ಲಿನ್ ದೊರೆಯೊಡನೆ ಯಾವ ಚೌಕಾಶಿಯನ್ನೂ ಮಾಡಿರಲಿಲ್ಲ. ಉಡುಗೊರೆ ಬಂದದ್ದು ಕೆಲಸವೆಲ್ಲ ಮುಗಿದ ಮೇಲೆ, ವಂದನೆಯ ರೂಪದಲ್ಲಿ. ಹಾಗಿದ್ದರೂ ಅದನ್ನು ತಡೆಯಬೇಕೆಂದು ಆ ಹಿರಿಯರು ಬಯಸಿದರು. ಪಡೆದವನ ಮನಸ್ಸಿನಲ್ಲಿ ಹುಟ್ಟುವ ಕೃತಜ್ಞತೆಯೇ ಅವರ ಭಯಕ್ಕೆ ಕಾರಣ. ಕೃತಜ್ಞತೆ ಖಾಸಗಿ ಬಾಳಿನಲ್ಲಿ ಸದ್ಗುಣ. ಸಾರ್ವಜನಿಕ ಹುದ್ದೆಯಲ್ಲಿ ಅದು ನ್ಯಾಯದ ತಕ್ಕಡಿಯನ್ನು ಒಂದು ಕಡೆಗೆ ವಾಲಿಸಬಲ್ಲದು. ಭ್ರಷ್ಟತೆಯನ್ನು ಅವರು ಇಷ್ಟು ವಿಶಾಲವಾಗಿ ಅರ್ಥಮಾಡಿಕೊಂಡಿದ್ದರು. ಆ ಅರ್ಥ ಕಳೆದ ಐವತ್ತು ವರ್ಷಗಳಲ್ಲಿ, ಅಲ್ಲಿನ ನ್ಯಾಯಾಲಯಗಳಲ್ಲಿ, ಹೇಗೆ ಕಿರಿದಾಗುತ್ತ ಬಂದಿತೆಂಬುದು ಈ ಲೇಖನದ ವಿಷಯ.

ಮೊದಲು ಹಣ ಚುನಾವಣೆಯೊಳಗೆ ಹರಿದುಬಂದ ಬಗೆಯನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಗೆದ್ದ ಪಕ್ಷ ಸರ್ಕಾರಿ ಹುದ್ದೆಗಳನ್ನು ತನ್ನವರಿಗೆ ಹಂಚುತ್ತಿತ್ತು. ಹುದ್ದೆ ಪಡೆದವರು ಸಂಬಳದ ಒಂದು ಪಾಲನ್ನು ಪಕ್ಷಕ್ಕೆ ಕಟ್ಟುತ್ತಿದ್ದರು. ಹುದ್ದೆ ಸಿಗದೆ ಕೆರಳಿದ ಚಾರ್ಲ್ಸ್ ಗಿಟೋ ಎಂಬಾತ 1881ರ ಜುಲೈ 2ರಂದು ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡರಿಗೆ ಗುಂಡು ಹಾರಿಸಿದನು. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ಅಸುನೀಗಿದರು. ಆ ಸಾವಿನಿಂದ ಕಲಕಿದ ದೇಶ 1883ರಲ್ಲಿ ಪೆಂಡಲ್ಟನ್ ಕಾಯಿದೆಯನ್ನು ತಂದಿತು. ಸರ್ಕಾರಿ ನೌಕರರಿಂದ ಪಕ್ಷನಿಧಿ ವಸೂಲಿಗೆ ತಡೆ ಬಿತ್ತು. ಒಂದು ಬಾಗಿಲು ಮುಚ್ಚಿದಾಗ ರಾಜಕಾರಣಿಗಳು ಇನ್ನೊಂದನ್ನು ತಟ್ಟಿದರು. ಅದು ದೊಡ್ಡ ಉದ್ದಿಮೆಗಳ ಬಾಗಿಲು. 1896ರಲ್ಲಿ ವಿಲಿಯಂ ಮೆಕಿನ್ಲಿಯವರ ಚುನಾವಣೆಯನ್ನು ನಡೆಸಿದ ಮಾರ್ಕ್ ಹ್ಯಾನಾ, ಬ್ಯಾಂಕುಗಳು ತಮ್ಮ ಬಂಡವಾಳದ ನೂರಕ್ಕೆ ಕಾಲು ಭಾಗದಂತೆ ಕೊಡಬೇಕೆಂದು ಲೆಕ್ಕ ಹಾಕಿ, ತೆರಿಗೆಯಂತೆಯೇ ವಸೂಲು ಮಾಡಿದರು. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯೊಂದೇ ಎರಡೂವರೆ ಲಕ್ಷ ಡಾಲರ್ ಕೊಟ್ಟಿತು.

1905ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆ ಜೀವವಿಮಾ ಕಂಪನಿಗಳ ಅವ್ಯವಹಾರದ ಬಗ್ಗೆ ತನಿಖೆ ನಡೆಸಿತು. ವಕೀಲ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು, ದನಿ ಏರಿಸದೆ, ಲೆಕ್ಕದ ಪುಸ್ತಕಗಳ ಸಾಲುಗಳನ್ನು ಹಿಡಿದು ಪ್ರಶ್ನಿಸಿದರು. ನ್ಯೂಯಾರ್ಕ್ ಲೈಫ್ ಕಂಪನಿಯ ಉಪಾಧ್ಯಕ್ಷ ಜಾರ್ಜ್ ಪರ್ಕಿನ್ಸ್, ಹಿಂದಿನ ವರ್ಷ ಥಿಯೊಡೋರ್ ರೂಸ್‌ವೆಲ್ಟರ ಚುನಾವಣೆಗಾಗಿ ರಿಪಬ್ಲಿಕನ್ ಪಕ್ಷಕ್ಕೆ 48 ಸಾವಿರಕ್ಕೂ ಹೆಚ್ಚು ಡಾಲರ್ ಕಂಪನಿಯ ಹಣ ಸಂದಿದ್ದನ್ನು ಒಪ್ಪಿಕೊಂಡರು. ಜನ ಕೆರಳಿದ್ದು ಮೊತ್ತಕ್ಕಾಗಿ ಅಲ್ಲ. ತಾನು ಸತ್ತರೆ ಹೆಂಡತಿ ಮಕ್ಕಳು ಬೀದಿಗೆ ಬೀಳದಿರಲೆಂದು ಗುಮಾಸ್ತನೊಬ್ಬ, ಬಡಗಿಯೊಬ್ಬ ಕಂತುಕಂತಾಗಿ ಕಟ್ಟಿದ ಹಣವದು. ಅವನು ಯಾವ ಪಕ್ಷದವನೆಂದು ಯಾರೂ ಕೇಳಿರಲಿಲ್ಲ. ಅವನ ಹಣ ಮಾತ್ರ ಒಂದು ಪಕ್ಷಕ್ಕೆ ಮತ ಹಾಕಿತ್ತು.

ಮುಜುಗರಕ್ಕೆ ಒಳಗಾದ ರೂಸ್‌ವೆಲ್ಟ್ ತಾವೇ ಕಾಂಗ್ರೆಸ್ಸಿಗೆ ಸಂದೇಶ ಕಳುಹಿಸಿ, ಕಂಪನಿಗಳ ರಾಜಕೀಯ ದೇಣಿಗೆಯನ್ನು ನಿಷೇಧಿಸಬೇಕೆಂದರು. 1907ರ ಜನವರಿಯಲ್ಲಿ ಬಂದ ಆ ಕಾಯಿದೆಗೆ ಟಿಲ್‌ಮನ್ ಕಾಯಿದೆಯೆಂದು ಹೆಸರು. ದಕ್ಷಿಣ ಕೆರೊಲೈನಾದ ಸೆನೆಟರ್ ಬೆಂಜಮಿನ್ ಟಿಲ್‌ಮನ್ ಕಪ್ಪು ಜನರ ಮತದಾನದ ಹಕ್ಕನ್ನು ಕಸಿದುಕೊಂಡದ್ದನ್ನು ಬಹಿರಂಗವಾಗಿ ಹೆಮ್ಮೆಯಿಂದ ಹೇಳಿಕೊಂಡವರು. ಚುನಾವಣೆಯ ಶುದ್ಧಿಗಾಗಿ ಬಂದ ಮೊದಲ ದೊಡ್ಡ ಕಾನೂನಿನ ಮೇಲೆ ಆ ಹೆಸರಿರುವುದು ಚರಿತ್ರೆಯ ವಿಪರ್ಯಾಸಗಳಲ್ಲಿ ಒಂದು. ಕಾನೂನು ಬಂತು, ಅದನ್ನು ಜಾರಿಗೊಳಿಸುವ ಸಂಸ್ಥೆ ಬರಲಿಲ್ಲ. ಕಂಪನಿ ಕೊಡಬಾರದಿದ್ದರೆ ಕಂಪನಿಯ ಅಧಿಕಾರಿ ತನ್ನ ಹೆಸರಿನಲ್ಲಿ ಕೊಟ್ಟನು. ಆಮೇಲೆ ಅವನ ಸಂಬಳದಲ್ಲಿ ಅಷ್ಟು ಹೆಚ್ಚಾಯಿತು.

ಇನ್ನು ಟೀಪಾಟ್ ಡೋಮ್ ಹಗರಣ. 1922ರಲ್ಲಿ ಅಧ್ಯಕ್ಷ ಹಾರ್ಡಿಂಗರ ಸಂಪುಟದಲ್ಲಿ ಆಂತರಿಕ ವ್ಯವಹಾರಗಳ ಕಾರ್ಯದರ್ಶಿಯಾಗಿದ್ದ ಆಲ್ಬರ್ಟ್ ಫಾಲ್ ನೌಕಾಪಡೆಗೆಂದು ಮೀಸಲಿಟ್ಟಿದ್ದ ಎಣ್ಣೆ ನಿಕ್ಷೇಪಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು. ವಯೋಮಿಂಗ್ ರಾಜ್ಯದ ಟೀಪಾಟ್ ಡೋಮ್ ಹ್ಯಾರಿ ಸಿಂಕ್ಲೇರರಿಗೆ, ಕ್ಯಾಲಿಫೋರ್ನಿಯಾದ ಎಲ್ಕ್ ಹಿಲ್ಸ್ ಎಡ್ವರ್ಡ್ ಡೊಹೆನಿಯವರಿಗೆ ದೊರೆಯಿತು. ಡೊಹೆನಿಯವರ ಮಗ ಕಪ್ಪು ಚೀಲವೊಂದರಲ್ಲಿ ಒಂದು ಲಕ್ಷ ಡಾಲರ್ ನಗದನ್ನು ಫಾಲರಿಗೆ ಒಯ್ದು ಕೊಟ್ಟಿದ್ದು ಆಮೇಲೆ ಬಯಲಾಯಿತು. ಹಳೆಯ ಸ್ನೇಹಿತನಿಗೆ ಕೊಟ್ಟ ಸಾಲವದು ಎಂದರು ಡೊಹೆನಿ. 1929ರಲ್ಲಿ ಆ ಹಣವನ್ನು ಲಂಚವಾಗಿ ಪಡೆದದ್ದಕ್ಕೆ ಫಾಲ್ ಅಪರಾಧಿಯೆಂದು ತೀರ್ಮಾನವಾಗಿ, ಅವರು ಸೆರೆಮನೆಗೆ ಹೋದರು. ಮರುವರ್ಷ ಇನ್ನೊಂದು ಪಂಚರ ಮಂಡಳಿ, ಅದೇ ಹಣವನ್ನು ಲಂಚವಾಗಿ ಕೊಟ್ಟ ಆರೋಪದಿಂದ ಡೊಹೆನಿಯವರನ್ನು ಮುಕ್ತಗೊಳಿಸಿತು! ಪಡೆದವನಿಗೆ ಲಂಚ, ಕೊಟ್ಟವನಿಗೆ ಸಾಲ.

ಈ ಡೊಹೆನಿ ನಮ್ಮ ಧರ್ಮಸಭೆಯ ಮಹಾದಾನಿಗಳಲ್ಲಿ ಒಬ್ಬರು. ಲಾಸ್ ಏಂಜಲಿಸ್ ನಗರದ ಸಂತ ವಿನ್ಸೆಂಟ್ ದೇ ಪೌಲರ ಭವ್ಯ ದೇವಾಲಯ ಅವರ ಮತ್ತು ಅವರ ಪತ್ನಿಯ ಹಣದಿಂದಲೇ, ಹಗರಣ ಹೊಗೆಯಾಡುತ್ತಿದ್ದ ವರ್ಷಗಳಲ್ಲೇ ಎದ್ದು ನಿಂತಿತು. ಹಗರಣವನ್ನು ಎಳೆ ಎಳೆಯಾಗಿ ಬಿಡಿಸಿದ ಮೊಂಟಾನಾದ ಸೆನೆಟರ್ ಥಾಮಸ್ ವಾಲ್ಶ್ ಸಹ ಕಥೋಲಿಕರೇ. ಇಬ್ಬರೂ ಒಂದೇ ವಿಶ್ವಾಸಪ್ರಮಾಣವನ್ನು ಉಚ್ಚರಿಸಿದವರು. ಇದನ್ನು ಇಲ್ಲಿ ಬರೆಯುವಾಗ ನನ್ನ ಲೇಖನಿ ಸ್ವಲ್ಪ ತಡೆಯಿತೆಂಬುದು ನಿಜ. ಆದರೆ ನಮ್ಮವರಲ್ಲಿ ವಾಲ್ಶ್‌ರನ್ನು ಮಾತ್ರ ಎಣಿಸಿ ಡೊಹೆನಿಯವರನ್ನು ಬಿಟ್ಟರೆ ಅದು ಚರಿತ್ರೆಯಾಗುವುದಿಲ್ಲ.

ಲಾಬಿ ಎಂಬ ಪದವನ್ನು ನೀವು ಪತ್ರಿಕೆಗಳಲ್ಲಿ ಓದುತ್ತೀರಿ. ಶಾಸನಸಭೆಯ ಹೊರಗಿನ ಪಡಸಾಲೆಯೇ ಲಾಬಿ. ಅಲ್ಲಿ ಕಾದು ನಿಂತು ಶಾಸಕರನ್ನು ಹಿಡಿದು ಮಾತನಾಡುವುದರಿಂದ ಆ ಹೆಸರು. ಅಹವಾಲು ಸಲ್ಲಿಸುವುದು ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿಯೇ ಪ್ರಜೆಗೆ ಕೊಟ್ಟ ಹಕ್ಕು. ಅಲ್ಲಿನ ಧರ್ಮಾಧ್ಯಕ್ಷರ ಮಂಡಳಿಯೂ ವಲಸಿಗರ ಪರವಾಗಿ ವಾಷಿಂಗ್ಟನ್ನಿನಲ್ಲಿ ದನಿ ಎತ್ತುತ್ತದೆ. ಆದರೆ ಪ್ರಭಾವವನ್ನೇ ಮಾರಾಟದ ಸರಕಾಗಿಸಿದರೆ? 1870ರ ದಶಕದ ಒಂದು ಮೊಕದ್ದಮೆ ಸ್ವಾರಸ್ಯಕರವಾಗಿದೆ. 1848ರಲ್ಲಿ ಮೆಕ್ಸಿಕೊದೊಡನೆ ಶಾಂತಿ ಒಪ್ಪಂದ ಮಾಡಿಕೊಂಡು ಬಂದ ನಿಕೊಲಸ್ ಟ್ರಿಸ್ಟ್ ಎಂಬವರಿಗೆ ಸರ್ಕಾರ ಹಣ ಬಾಕಿ ಉಳಿಸಿಕೊಂಡಿತ್ತು. ಕಾಂಗ್ರೆಸ್ಸಿನಿಂದ ಅದನ್ನು ಮಂಜೂರು ಮಾಡಿಸಿಕೊಡಲು ಲೈನಸ್ ಚೈಲ್ಡ್ ಎಂಬ ವಕೀಲರಿಗೆ ಬಂದದ್ದರಲ್ಲಿ ಕಾಲು ಭಾಗ ಕೊಡುವುದಾಗಿ ಮಾತಾಯಿತು. 1871ರಲ್ಲಿ ಹಣ ಬಂತು, ಟ್ರಿಸ್ಟ್ ಪಾಲು ಕೊಡಲಿಲ್ಲ. ಅಷ್ಟರಲ್ಲಿ ತೀರಿಕೊಂಡಿದ್ದ ವಕೀಲರ ಮಗ ದಾವೆ ಹೂಡಿದರು. ಶಾಸಕರ ಮೇಲೆ ವೈಯಕ್ತಿಕ ಪ್ರಭಾವ ಬೀರುವ ಕೂಲಿಗೆ ನ್ಯಾಯಾಲಯ ಕೈಜೋಡಿಸದೆಂದು ಸರ್ವೋಚ್ಚ ನ್ಯಾಯಾಲಯ ಆ ಕರಾರನ್ನೇ ಅಸಿಂಧುಗೊಳಿಸಿತು. ಕೊಟ್ಟ ಮಾತಿಗೆ ತಪ್ಪಿದ ಟ್ರಿಸ್ಟ್ ಲಾಭ ಪಡೆದರೆಂಬುದು ಬೇರೆ ಮಾತು. ಇಂದು ಅದೇ ವೃತ್ತಿ ಕಾನೂನಿನಂತೆ ನೋಂದಾಯಿತವಾಗಿ ನಡೆಯುತ್ತದೆ. 1946ರ ಮತ್ತು 1995ರ ಕಾಯಿದೆಗಳು ಯಾರು, ಯಾರ ಪರವಾಗಿ, ಎಷ್ಟು ಹಣಕ್ಕೆ ಎಂಬುದನ್ನು ಬಹಿರಂಗಪಡಿಸಬೇಕೆಂದು ಕೇಳಿದವೇ ಹೊರತು ವೃತ್ತಿಯನ್ನು ತಡೆಯಲಿಲ್ಲ. 2024ರಲ್ಲಿ ಅಲ್ಲಿ ಲಾಬಿಗೆಂದು ವೆಚ್ಚವಾದ ಹಣ 400 ಕೋಟಿ ಡಾಲರಿಗೂ ಹೆಚ್ಚು.

ಎಲ್ಲವನ್ನೂ ಅಲುಗಿಸಿದ್ದು ವಾಟರ್‌ಗೇಟ್. ದೇಣಿಗೆಗಳನ್ನು ಬಹಿರಂಗಪಡಿಸಬೇಕೆಂಬ ಹೊಸ ಕಾನೂನು 1972ರ ಏಪ್ರಿಲ್ 7ರಂದು ಜಾರಿಗೆ ಬರಲಿತ್ತು. ಅದಕ್ಕೆ ಮೊದಲೇ ಅಧ್ಯಕ್ಷ ನಿಕ್ಸನ್‌ರ ಮರುಆಯ್ಕೆ ಸಮಿತಿಗೆ ಗುಟ್ಟಾಗಿ ಹಣದ ಹೊಳೆ ಹರಿಯಿತು. ಜೂನ್ 17ರಂದು ವಿರೋಧ ಪಕ್ಷದ ಕಚೇರಿಗೆ ನುಗ್ಗಿ ಸಿಕ್ಕಿಬಿದ್ದವರ ಪೈಕಿ ಒಬ್ಬನ ಬ್ಯಾಂಕ್ ಖಾತೆಯಲ್ಲಿ ನಿಕ್ಸನ್‌ರ ಚುನಾವಣಾ ನಿಧಿಗೆಂದು ಬಂದ 25,000 ಡಾಲರಿನ ಚೆಕ್ ಪತ್ತೆಯಾಯಿತು. ತನಿಖೆ ಮುಂದುವರಿದಂತೆ, ಕಾನೂನುಬಾಹಿರವಾಗಿ ಹಣ ಕೊಟ್ಟ ದೊಡ್ಡ ಕಂಪನಿಗಳ ಹೆಸರುಗಳು ಒಂದೊಂದಾಗಿ ಹೊರಬಿದ್ದವು. 1907ರ ಟಿಲ್‌ಮನ್ ಕಾಯಿದೆ ಅರವತ್ತೈದು ವರ್ಷ ಪುಸ್ತಕದಲ್ಲಿ ಭದ್ರವಾಗಿ ಕುಳಿತಿತ್ತು.

ಅಮೆರಿಕನ್ ಏರ್‌ಲೈನ್ಸ್ ಅಧ್ಯಕ್ಷ ಜಾರ್ಜ್ ಸ್ಪೇಟರ್ ತಮ್ಮ ಕಂಪನಿ 55,000 ಡಾಲರ್ ಕೊಟ್ಟದ್ದನ್ನು 1973ರಲ್ಲಿ ತಾವಾಗಿ ಒಪ್ಪಿಕೊಂಡರು. ಹಣ ಕೇಳಲು ಬಂದವರು ನಿಕ್ಸನ್‌ರ ಖಾಸಗಿ ವಕೀಲ ಹರ್ಬರ್ಟ್ ಕಾಮ್‌ಬಾಕ್. ಅವರೇ ಪ್ರತಿಸ್ಪರ್ಧಿ ವಿಮಾನ ಕಂಪನಿಯ ವಕೀಲರೂ ಆಗಿದ್ದರು. ಕೊಟ್ಟರೆ ಏನು ಸಿಕ್ಕೀತೆಂಬ ಆಸೆಗಿಂತ, ಕೊಡದಿದ್ದರೆ ಏನಾದೀತೋ ಎಂಬ ಅಂಜಿಕೆಯೇ ತಮ್ಮನ್ನು ನಡೆಸಿತೆಂಬುದು ಸೆನೆಟಿನ ಮುಂದೆ ಅವರು ಹೇಳಿದ ಮಾತಿನ ಸಾರ. ಲಂಚದ ಚರಿತ್ರೆಯಲ್ಲಿ ಕೊಡುವವನನ್ನು ಆಮಿಷ ಒಡ್ಡುವವನೆಂದೇ ಎಣಿಸುತ್ತೇವೆ. ಕೈ ಚಾಚಿದವನು ಅಧಿಕಾರದಲ್ಲಿದ್ದಾಗ ಕೊಡುವವನೂ ಹೆದರಿದವನೇ.

1974ರ ಆಗಸ್ಟ್ 9ರಂದು ನಿಕ್ಸನ್ ರಾಜೀನಾಮೆ ಕೊಟ್ಟರು. ಅಕ್ಟೋಬರಿನಲ್ಲಿ ಬಂದ ತಿದ್ದುಪಡಿ ಕಾನೂನು ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಯಲ್ಲಿ 1,000 ಡಾಲರಿಗಿಂತ ಹೆಚ್ಚು ಕೊಡಬಾರದೆಂದಿತು. ಅಭ್ಯರ್ಥಿಗಳ ವೆಚ್ಚಕ್ಕೂ ಮಿತಿ ಹಾಕಿತು. ಉಸ್ತುವಾರಿಗೆ ಚುನಾವಣಾ ಆಯೋಗವನ್ನು ಸ್ಥಾಪಿಸಿತು. 1978ರಲ್ಲಿ ಸರ್ಕಾರಿ ನೀತಿಸಂಹಿತೆಯ ಕಾಯಿದೆ ಬಂದು, ಹಿರಿಯ ಅಧಿಕಾರಿಗಳು ತಮ್ಮ ಆಸ್ತಿ ವಿವರ ಸಲ್ಲಿಸುವುದು ಕಡ್ಡಾಯವಾಯಿತು. ಆದರೆ ಆರು ಸದಸ್ಯರ ಆಯೋಗದಲ್ಲಿ ಒಂದು ಪಕ್ಷದವರು ಮೂವರಿಗಿಂತ ಹೆಚ್ಚಿರುವಂತಿಲ್ಲ, ಯಾವ ಕ್ರಮಕ್ಕೂ ನಾಲ್ಕು ಮತ ಬೇಕು. ಇದರ ಫಲವನ್ನು ಊಹಿಸುವುದು ಕಷ್ಟವಲ್ಲ. 2025ರಲ್ಲಿ ಸದಸ್ಯರ ಕೊರತೆಯಿಂದ ಅದು ಕೋರಂ ಕೂಡ ಕಳೆದುಕೊಂಡಿತು.

1976ರ ಜನವರಿಯಲ್ಲಿ ಬಕ್ಲಿ ಮೊಕದ್ದಮೆಯ ತೀರ್ಪು ಹೊರಬಂತು. ಅಭ್ಯರ್ಥಿಗೆ ಕೊಡುವ ಹಣಕ್ಕೆ ಮಿತಿ ಹಾಕಬಹುದು, ಏಕೆಂದರೆ ಅಲ್ಲಿ ಕೊಡುಕೊಳ್ಳುವ ವ್ಯವಹಾರದ ಅಪಾಯವಿದೆ; ವೆಚ್ಚ ಮಾಡುವುದಕ್ಕೆ ಮಿತಿ ಹಾಕುವಂತಿಲ್ಲ, ಏಕೆಂದರೆ ವೆಚ್ಚವಿಲ್ಲದೆ ದೊಡ್ಡ ದೇಶದಲ್ಲಿ ಮಾತು ಜನರನ್ನು ಮುಟ್ಟದು, ಆದ್ದರಿಂದ ಅದು ವಾಕ್ ಸ್ವಾತಂತ್ರ್ಯದ ಭಾಗ - ಹೀಗೆ ಸರ್ವೋಚ್ಚ ನ್ಯಾಯಾಲಯ ಎರಡನ್ನೂ ಬೇರ್ಪಡಿಸಿತು. ಆ ತೀರ್ಪಿನ ಕೇಂದ್ರದಲ್ಲಿ ಒಂದು ಲತೀನ್ ಮಾತಿದೆ: ಕ್ವಿಡ್ ಪ್ರೊ ಕ್ವೊ. ಗುರುಮಠದಲ್ಲಿ ಲತೀನ್ ಕಲಿತ ನಮಗೆ ಅದು ಪರಿಚಿತ: ಇದಕ್ಕೆ ಬದಲಾಗಿ ಅದು. ನಮ್ಮ ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ಚುನಾವಣಾ ಬಾಂಡುಗಳನ್ನು ರದ್ದುಪಡಿಸಿದ ತೀರ್ಪಿನಲ್ಲೂ ಇದೇ ಮಾತು ಬಂದಿದೆ. ಅಮೆರಿಕದಲ್ಲಿ ಇದು ಬರಬರುತ್ತ ಭ್ರಷ್ಟತೆಯ ಒಂದು ಉದಾಹರಣೆಯಾಗಿ ಉಳಿಯದೆ ಭ್ರಷ್ಟತೆಯ ಇಡೀ ವ್ಯಾಖ್ಯಾನವಾಯಿತು.

ಆ ವ್ಯಾಖ್ಯಾನಕ್ಕೆ ಸಿಗದೆ ಜಾರುವುದೇನೆಂದು ತಿಳಿಯಲು ಚಾರ್ಲ್ಸ್ ಕೀಟಿಂಗ್‌ರ ಪ್ರಸಂಗ ಸಾಕು. ಇವರೂ ದಾನಧರ್ಮಗಳಿಗೆ ಹೆಸರಾದ ಕಥೋಲಿಕರು. ಲಿಂಕನ್ ಸೇವಿಂಗ್ಸ್ ಎಂಬ ಉಳಿತಾಯ ಸಂಸ್ಥೆಯ ಒಡೆಯರಾದ ಇವರು ಐವರು ಸೆನೆಟರುಗಳ ಚುನಾವಣೆಗಳಿಗೂ ಅವರಿಗೆ ಬೇಕಾದ ಸಂಘಗಳಿಗೂ ಸುಮಾರು 13 ಲಕ್ಷ ಡಾಲರ್ ಒದಗಿಸಿದ್ದರು. 1987ರ ಏಪ್ರಿಲಿನಲ್ಲಿ ಆ ಸೆನೆಟರುಗಳು ಸಂಸ್ಥೆಯ ಲೆಕ್ಕ ಪರಿಶೀಲಿಸುತ್ತಿದ್ದ ಅಧಿಕಾರಿಗಳನ್ನು ಕರೆಸಿ ಮಾತನಾಡಿದರು. ಕ್ರಮ ತಡವಾಯಿತು. 1989ರಲ್ಲಿ ಸಂಸ್ಥೆ ಕುಸಿದಾಗ ಸರ್ಕಾರದ ಮೇಲೆ ಬಿದ್ದ ಹೊರೆ 200 ಕೋಟಿ ಡಾಲರಿಗೂ ಹೆಚ್ಚು. ಅದರ ಶಾಖೆಗಳಲ್ಲಿ ಮಾರಿದ ಬಾಂಡುಗಳನ್ನು ನಂಬಿ ಕೊಂಡು ಕೈಸುಟ್ಟುಕೊಂಡವರು ಇಪ್ಪತ್ತು ಸಾವಿರಕ್ಕೂ ಅಧಿಕ, ಅವರಲ್ಲಿ ಅನೇಕರು ನಿವೃತ್ತಿಯ ಉಳಿತಾಯವನ್ನೆಲ್ಲ ಹಾಕಿದ್ದ ವೃದ್ಧರು. ಯಾವ ಸೆನೆಟರೂ ಹಣವನ್ನು ಜೇಬಿಗಿಳಿಸಿರಲಿಲ್ಲ. 'ಇದಕ್ಕೆ ಬದಲಾಗಿ ಅದು' ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. 1991ರಲ್ಲಿ ಸೆನೆಟಿನ ನೀತಿ ಸಮಿತಿ ಒಬ್ಬರಿಗೆ ಕಟುವಾದ ಛೀಮಾರಿ, ಉಳಿದವರಿಗೆ ಮೃದುವಾದ ಆಕ್ಷೇಪಣೆ ನೀಡಿ ಕೈತೊಳೆದುಕೊಂಡಿತು.

ಆ ಐವರಲ್ಲಿ ಒಬ್ಬರು ಜಾನ್ ಮೆಕೇನ್. ವಿಯೆಟ್ನಾಮಿನ ಸೆರೆಯಲ್ಲಿ ಐದೂವರೆ ವರ್ಷ ಯಾತನೆ ಅನುಭವಿಸಿದ್ದ ಅವರಿಗೆ ತಮ್ಮ ವಿವೇಚನೆಯ ಬಗ್ಗೆ ಬಂದ ಆಕ್ಷೇಪಣೆ ಬಹಳ ಕಾಲ ಚುಚ್ಚಿತು. ವಿರೋಧ ಪಕ್ಷದ ರಸ್ ಫೈನ್‌ಗೋಲ್ಡರ ಜೊತೆಗೂಡಿ ಅವರು ವರ್ಷಾನುಗಟ್ಟಲೆ ಹೋರಾಡಿದ್ದರಿಂದ 2002ರ ಕಾಯಿದೆ ಬಂತು. ಪಕ್ಷಗಳಿಗೆ ಹರಿಯುತ್ತಿದ್ದ ಮಿತಿಯಿಲ್ಲದ ದೇಣಿಗೆ ನಿಂತಿತು. 2007ರಲ್ಲಿ, ಜ್ಯಾಕ್ ಅಬ್ರಮಾಫ್ ಎಂಬ ಲಾಬಿಗಾರನ ಹಗರಣದ ನಂತರ, ಶಾಸಕರು ಲಾಬಿಗಾರರಿಂದ ಪಡೆಯುವ ಊಟ, ಪ್ರವಾಸಗಳಿಗೂ ಕಡಿವಾಣ ಬಿತ್ತು. ಕುಳಿತು ಉಣ್ಣುವಂತಿಲ್ಲ, ಆದರೆ ಸಮಾರಂಭದಲ್ಲಿ ನಿಂತುಕೊಂಡು ಹಲ್ಲುಕಡ್ಡಿಯಲ್ಲಿ ಚುಚ್ಚಿ ತಿನ್ನುವಂಥದ್ದು ಊಟವಲ್ಲವೆಂದು ವ್ಯಾಖ್ಯಾನಿಸಿ, ಅದಕ್ಕೆ ಹಲ್ಲುಕಡ್ಡಿಯ ನಿಯಮವೆಂದೇ ಹೆಸರಿಟ್ಟರು!

ಮೆಕೇನರ ಶ್ರಮದ ಒಂದು ಮುಖ್ಯ ಭಾಗವನ್ನು 2010ರ ಜನವರಿ 21ರಂದು ಸಿಟಿಜನ್ಸ್ ಯುನೈಟೆಡ್ ತೀರ್ಪು ಅಳಿಸಿತು. ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಅಭ್ಯರ್ಥಿಯೊಡನೆ ಕೂಡಿಕೊಳ್ಳದೆ ಸ್ವತಂತ್ರವಾಗಿ ಪ್ರಚಾರಕ್ಕೆ ವೆಚ್ಚ ಮಾಡುವುದಾದರೆ ಕಂಪನಿಗಳಿಗೂ ಕಾರ್ಮಿಕ ಸಂಘಗಳಿಗೂ ಮಿತಿಯಿಲ್ಲವೆಂದು ತೀರ್ಮಾನವಾಯಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಆಂಥನಿ ಕೆನಡಿಯವರ ಪ್ರಕಾರ, ಹಣ ವೆಚ್ಚ ಮಾಡಿದವರಿಗೆ ಜನಪ್ರತಿನಿಧಿಯ ಬಾಗಿಲು ಬೇಗ ತೆರೆಯುವುದು, ಅವರ ಮೇಲೆ ಆತನಿಗೆ ಒಲವು ಹುಟ್ಟುವುದು, ಇವು ಭ್ರಷ್ಟತೆಯಲ್ಲ. ಫ್ರಾಂಕ್ಲಿನ್‌ರ ಡಬ್ಬಿಯ ಬಗ್ಗೆ 1787ರ ಹಿರಿಯರಿಗೆ ಇದ್ದ ಅಳುಕು ಸರಿಯಾಗಿ ಇದೇ ಒಲವಿನದ್ದು. ಕಂಪನಿ ನೇರವಾಗಿ ಅಭ್ಯರ್ಥಿಗೆ ಕೊಡುವುದು ಇಂದಿಗೂ ನಿಷಿದ್ಧ. ಆದರೆ 'ಸ್ವತಂತ್ರ' ಎಂಬ ಹಲಗೆ ತೂಗುಹಾಕಿಕೊಂಡ ಸಮಿತಿಗಳಿಗೆ ಮಿತಿಯಿಲ್ಲ. ರಿಪಬ್ಲಿಕನ್, ಡೆಮಾಕ್ರಟಿಕ್ ಎಂಬ ಭೇದವಿಲ್ಲದೆ ಎರಡೂ ಪಕ್ಷಗಳವರು ಈ ದಾರಿ ಹಿಡಿದರು. 2024ರ ಚುನಾವಣೆಯಲ್ಲಿ ಇಲಾನ್ ಮಸ್ಕ್ ಒಬ್ಬರೇ ವೆಚ್ಚ ಮಾಡಿದ್ದು 25 ಕೋಟಿ ಡಾಲರಿಗೂ ಹೆಚ್ಚು. ಗೆದ್ದ ಸರ್ಕಾರದಲ್ಲಿ 2025ರ ಮೊದಲ ತಿಂಗಳುಗಳಲ್ಲಿ ಅವರಿಗೆ ವಿಶೇಷ ಹೊಣೆಯೂ ದೊರೆಯಿತು.

ಒರಟಾದ ಲಂಚ ಇಂದಿಗೂ ಶಿಕ್ಷೆಗೆ ಗುರಿಯಾಗುತ್ತದೆ. ನ್ಯೂಜೆರ್ಸಿಯ ಡೆಮಾಕ್ರಟಿಕ್ ಸೆನೆಟರ್ ಬಾಬ್ ಮೆನೆಂಡೆಜ್ ಮನೆಯಲ್ಲಿ ಚಿನ್ನದ ಗಟ್ಟಿಗಳು ಸಿಕ್ಕಿ, 2024ರ ಜುಲೈನಲ್ಲಿ ಅವರು ತಪ್ಪಿತಸ್ಥರೆಂದು ತೀರ್ಮಾನವಾಯಿತು. ಹನ್ನೊಂದು ವರ್ಷಗಳ ಸೆರೆವಾಸ ವಿಧಿಸಲಾಯಿತು. ಅದಕ್ಕೆ ಮೂರು ವಾರ ಮೊದಲು ಬಂದ ಇನ್ನೊಂದು ತೀರ್ಪು ನನಗೆ ಹೆಚ್ಚು ಮುಖ್ಯವೆನಿಸುತ್ತದೆ.

ಇಂಡಿಯಾನಾ ರಾಜ್ಯದ ಪೋರ್ಟೇಜ್ ಎಂಬ ಚಿಕ್ಕ ಪಟ್ಟಣದ ಮೇಯರ್ ಜೇಮ್ಸ್ ಸ್ನೈಡರ್. 2013ರಲ್ಲಿ ಪಟ್ಟಣಕ್ಕೆ ಕಸದ ಲಾರಿಗಳನ್ನು ಕೊಳ್ಳುವ ಸುಮಾರು 11 ಲಕ್ಷ ಡಾಲರಿನ ಗುತ್ತಿಗೆ ಒಂದು ಲಾರಿ ಕಂಪನಿಗೆ ಹೋಯಿತು. ಮರುವರ್ಷ ಕಂಪನಿ ಮೇಯರರಿಗೆ 13,000 ಡಾಲರ್ ಕೊಟ್ಟಿತು. ಸಲಹೆ ನೀಡಿದ್ದಕ್ಕೆ ಸಂಭಾವನೆಯೆಂದರು ಅವರು. ಕೆಳಗಿನ ನ್ಯಾಯಾಲಯಗಳು ಒಪ್ಪಲಿಲ್ಲ. 2024ರ ಜೂನ್ 26ರಂದು ಸರ್ವೋಚ್ಚ ನ್ಯಾಯಾಲಯ ಆರು-ಮೂರರ ಬಹುಮತದಿಂದ ಶಿಕ್ಷೆಯನ್ನು ತಳ್ಳಿಹಾಕಿತು: ಮೊದಲೇ ಮಾತಾಗಿ ಪಡೆದರೆ ಲಂಚ, ಕೆಲಸವಾದ ಮೇಲೆ, ಮುಂಚಿತ ಒಪ್ಪಂದವಿಲ್ಲದೆ ಬಂದರೆ ಭಕ್ಷೀಸು, ರಾಜ್ಯ ಮತ್ತು ಸ್ಥಳೀಯ ಅಧಿಕಾರಿಗಳಿಗೆ ಅನ್ವಯಿಸುವ ಆ ಕೇಂದ್ರ ಕಾನೂನು ಭಕ್ಷೀಸನ್ನು ಮುಟ್ಟುವುದಿಲ್ಲ. ಕೇಂದ್ರ ಸರ್ಕಾರದ ಅಧಿಕಾರಿಗಳಿಗೆ ಭಕ್ಷೀಸನ್ನೂ ನಿಷೇಧಿಸುವ ಬೇರೆ ಕಾನೂನಿದೆ. ಉಳಿದವರನ್ನು ಆಯಾ ರಾಜ್ಯ, ಪಟ್ಟಣಗಳೇ ನೋಡಿಕೊಳ್ಳಲಿ ಎಂದಿತು ತೀರ್ಪು.

ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ ಅವರ ಆತಂಕವನ್ನು ಹಗುರವಾಗಿ ಕಾಣಬಾರದು. ವರ್ಷಾಂತ್ಯದಲ್ಲಿ ಶಿಕ್ಷಕಿಗೆ ಪೋಷಕರು ಕೊಡುವ ಉಡುಗೊರೆ, ಅಂಚೆಯವನಿಗೆ ಹಬ್ಬದ ದಿನ ಕೊಡುವ ಭಕ್ಷೀಸು ಕೂಡ ಸೆರೆಮನೆಯ ವಿಷಯವಾದರೆ 1 ಕೋಟಿ 90 ಲಕ್ಷ ರಾಜ್ಯ ಮತ್ತು ಸ್ಥಳೀಯ ನೌಕರರು ನೆಮ್ಮದಿಯಿಂದ ಬದುಕುವುದು ಹೇಗೆ? ಕ್ರಿಸ್‌ಮಸ್ ಕಾಲದಲ್ಲಿ ನಮ್ಮ ಮನೆಗಳಿಂದ ಹೊರಡುವ ಕುಸ್ವಾರದ ತಟ್ಟೆ ನೆರೆಮನೆಯ ಜೊತೆಗೆ ಕೆಲವೊಮ್ಮೆ ಕಚೇರಿಯ ಮೇಜನ್ನೂ ಸೇರುವುದನ್ನು ನಾವು ಬಲ್ಲೆವು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜ್ಯಾಕ್ಸನ್ ಇದಕ್ಕೆ ಉತ್ತರ ಕೊಟ್ಟಿದ್ದಾರೆ. 5,000 ಡಾಲರಿಗೆ ಕಡಿಮೆ ಮೌಲ್ಯದ ವ್ಯವಹಾರವನ್ನು ಆ ಕಾನೂನು ಮುಟ್ಟುವುದೇ ಇಲ್ಲ. ಭ್ರಷ್ಟ ಮನಸ್ಸಿನಿಂದ ಪಡೆದಿರಬೇಕೆಂಬ ಷರತ್ತೂ ಅದರಲ್ಲಿದೆ. ಶಿಕ್ಷಕಿ, ಅಂಚೆಯವರು ಅದರ ಬಲೆಗೆ ಬೀಳುವವರಲ್ಲ.

ಇಬ್ಬರೂ ಓದಿದ್ದು ಕಾಂಗ್ರೆಸ್ 1986ರಲ್ಲಿ ತಿದ್ದಿ ಬರೆದ ಒಂದೇ ವಾಕ್ಯವನ್ನು. ಅಧಿಕಾರಿ 'ಪ್ರಭಾವಕ್ಕೆ ಒಳಗಾಗುವ ಅಥವಾ ಪ್ರತಿಫಲ ಹೊಂದುವ' ಉದ್ದೇಶದಿಂದ ಪಡೆಯಕೂಡದೆಂದು ಅದು ಹೇಳುತ್ತದೆ. ಪ್ರತಿಫಲವೆಂಬುದು ಕೆಲಸ ಮುಗಿದ ಮೇಲೆ ಬರುವಂಥದ್ದಲ್ಲವೇ, ಹಾಗಿದ್ದ ಮೇಲೆ ಇದು ಭಕ್ಷೀಸಿಗೂ ಸಲ್ಲುತ್ತದೆ ಎಂದರು ಜ್ಯಾಕ್ಸನ್. ಮುಂಚೆಯೇ ಮಾತಾಗಿ, ಆಮೇಲೆ ಸಂದಾಯವಾಗುವ ಲಂಚವನ್ನು ಹಿಡಿಯಲು ಮಾತ್ರ ಆ ಪದವಿದೆ ಎಂದರು ಕ್ಯಾವನಾ. ಅದನ್ನು ಇನ್ನಷ್ಟು ಬಿಡಿಸಿ ಬರೆಯುವ ಅಧಿಕಾರ ಅದನ್ನು ಬರೆದ ಕಾಂಗ್ರೆಸ್ಸಿಗೇ ಇದೆ.